ಒಂದು ಕೆ.ಜಿ. ಲ್ಯಾಪ್‌ಟಾಪ್ ಮಲ್ನಾಡಲ್ಲಿ ಎಂಟು ವರ್ಷ ಬಾಳತ್ತಾ?

ಸೋನೆಮಳೆ ಸಾಗರ
14 ಇಂಚು, 1.1 ಕೆ.ಜಿ., ಆಫೀಸ್ ಕೆಲಸಕ್ಕೆ ಅಂತ ತಗೊಂಡ ಲ್ಯಾಪ್‌ಟಾಪ್. ವಯಸ್ಸು ನಾಲ್ಕು. 16 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು, 512 ಜಿಬಿ ಎಸ್‌ಎಸ್‌ಡಿ. ಹೊಸದರಲ್ಲಿ 57 ವ್ಯಾಟ್-ಅವರ್ ಹಿಡಿಯುತ್ತಿದ್ದ ಬ್ಯಾಟರಿ ಈಗ 39 ಅಂತ ತೋರಿಸ್ತಿದೆ. ಬಲಗಡೆ ಹಿಂಜ್ (ಮುಚ್ಚಳದ ಕೀಲು) ಬಿಗಿಯಾಗ್ತಿದೆ. ಊರು ಸಾಗರದ ಹತ್ರದ ಹಳ್ಳಿ. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಗೋಡೆಯೇ ಬೆವರತ್ತೆ, ಕರೆಂಟಿನ ವಿಷಯ ಹೇಳೋದೇ ಬೇಡ. ವೇಗದ ಬಗ್ಗೆ ತಕರಾರಿಲ್ಲ, ಬರೀ ಎಕ್ಸೆಲ್, ಬ್ರೌಸರ್, ವಿಡಿಯೋ ಮೀಟಿಂಗ್. ಬ್ಯಾಟರಿ ಹಾಕಿಸಿ ಇನ್ನೊಂದು ನಾಲ್ಕು ವರ್ಷ ಎಳೀಬಹುದಾ, ಅಥವಾ ಈಗಲೇ ಕೊಟ್ಟು ದಪ್ಪಂದು ಯಾವುದಾದರೂ ತಗೊಳ್ಳೋದಾ?

ಕೊಪ್ಪೆಕಂಬಳಿ
ಕೊಟ್ಟುಬಿಡಿ. ತೆಳ್ಳಗಿನ ಲ್ಯಾಪ್‌ಟಾಪ್ ಏಸಿ ಆಫೀಸಿಗೆ ಮಾಡಿದ್ದು, ಮಲ್ನಾಡ್ ಮಳೆಗಾಲಕ್ಕಲ್ಲ.

ಸ್ಕ್ರೂಡ್ರೈವರ್ ಮೇಷ್ಟ್ರು
ಇಷ್ಟು ಬೇಗ ತೀರ್ಪು ಬೇಡ ಮಾರಾಯ್ರೇ. ಹಗುರ ಲ್ಯಾಪ್‌ಟಾಪು ಪ್ರೊಸೆಸರ್ ಸೋತು ಸಾಯೋದು ಕಡಿಮೆ. ಸಾಯೋದು ನಾಲ್ಕು ಕಡೆ: ಬ್ಯಾಟರಿ, ಹಿಂಜ್, ಚಾರ್ಜಿಂಗ್ ಪೋರ್ಟ್, ಒಳಗೆ ಸೇರಿದ ತೇವ. ನಾಲ್ಕನ್ನೂ ನೋಡಿಕೊಳ್ಳೋಕೆ ದಾರಿ ಇದೆ. ಬದಲಿಸೋಕೆ ಆಗದೇ ಇರೋದು ಬೆಸುಗೆಯ ರ‍್ಯಾಮ್, ನಿಮ್ಮದು ಹೇಗೂ 16 ಇದೆ, ಬಚಾವ್. 8 ಇದ್ದಿದ್ರೆ ಕೊಪ್ಪೆಕಂಬಳಿಯವರ ಮಾತಿಗೆ ನಾನೂ ಹೂಂ ಅಂತಿದ್ದೆ.

ಬ್ಯಾಟರಿ 68% ಉಳಿದಿದೆ ಅಂದ್ರೆ ವಯಸ್ಸಿಗೆ ಸರಿಯಾಗೇ ಇದೆ. ಅದೇನು ತುರ್ತಲ್ಲ. ತುರ್ತು ಇರೋದು ಹಿಂಜ್. ಅದನ್ನ ಈ ವಾರವೇ ನೋಡಿ. ಕಾರಣ ಹೇಳ್ತೀನಿ.

ತೆಳು ಲ್ಯಾಪ್‌ಟಾಪಿನಲ್ಲಿ ಹಿಂಜಿನ ಸ್ಕ್ರೂಗಳು ಕೂರೋದು ಪ್ಲಾಸ್ಟಿಕ್‌ನಲ್ಲಿ ಹುದುಗಿಸಿದ ಸಣ್ಣ ಹಿತ್ತಾಳೆ ಬುಶ್‌ಗಳಲ್ಲಿ. ಹಿಂಜಿನ ಗ್ರೀಸ್ ಒಣಗಿ ಅಥವಾ ತುಕ್ಕು ಹಿಡಿದು ಬಿಗಿಯಾದರೆ ಪ್ರತಿ ಸಲ ಮುಚ್ಚಳ ತೆಗೆದಾಗಲೂ ಆ ಒತ್ತಡ ಬುಶ್ ಮೇಲೆ. ಒಂದು ದಿನ ಟಕ್ ಅಂತ ಕಿತ್ತು ಬರತ್ತೆ. ಆಮೇಲೆ ಮುಚ್ಚಳ ತೆಗೆದರೆ ಕೆಳಗಿನ ಕವಚವೇ ಬಾಯಿ ಬಿಡತ್ತೆ, ಡಿಸ್‌ಪ್ಲೇ ಕೇಬಲ್ಲೂ ಎಳೆದು ಹೋಗತ್ತೆ.

ಮಾಡಬೇಕಾದ್ದು: ಪವರ್ ಆಫ್, ಚಾರ್ಜರ್ ತೆಗೆದು, ಕೆಳಗಿನ ಕವಚ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೀಬೇಕು. ಹಿಂಜಿನ ತುದಿಯಲ್ಲಿ ಒಂದು ನಟ್ ಇರತ್ತೆ, ಅದನ್ನ ಕಾಲು ಸುತ್ತು ಸಡಿಲ ಮಾಡಿ ನೋಡಿ. ಕಾಲು ಸುತ್ತು ಅಂದ್ರೆ ಕಾಲು ಸುತ್ತೇ. ಹೆಚ್ಚಾದರೆ ಸ್ಕ್ರೀನ್ ನಿಲ್ಲಲ್ಲ, ಹಿಂದಕ್ಕೆ ಬೀಳತ್ತೆ. ಕಡ್ಡಿ ತುದಿಯಲ್ಲಿ ಒಂದು ತೊಟ್ಟು ಸಿಲಿಕಾನ್ ಗ್ರೀಸ್ ಹಚ್ಚಬಹುದು. ಡಬ್ಲ್ಯುಡಿ-40 (ತುಕ್ಕು ಬಿಡಿಸೋ ಸ್ಪ್ರೇ) ಹೊಡೀಬೇಡಿ, ಅದು ಹರಿದು ಹೋಗಿ ಡಿಸ್‌ಪ್ಲೇ ಅಂಚಿಗೆ ಸೇರತ್ತೆ, ನಾಲ್ಕು ತಿಂಗಳಲ್ಲಿ ಮತ್ತೆ ಬಿಗಿ.

ಅಪ್ಪೆಮಿಡಿ
ಮೇಷ್ಟ್ರೇ, ಬುಶ್ ಈಗಾಗಲೇ ಕಿತ್ತಿದ್ರೆ ಎಂ-ಸೀಲ್ ಹಾಕಬಹುದಾ? ಅಂಗಡಿಯಲ್ಲಿ ಹಂಗೇ ಮಾಡ್ತಾರೆ.

ಸ್ಕ್ರೂಡ್ರೈವರ್ ಮೇಷ್ಟ್ರು
@ಅಪ್ಪೆಮಿಡಿ ಎಂ-ಸೀಲ್ ಪೈಪಿಗೆ ಸರಿ. ಇಲ್ಲಿ ಅಷ್ಟು ದಪ್ಪಕ್ಕೆ ಜಾಗ ಇಲ್ಲ. ಅರಾಲ್ಡೈಟ್ ನಿಧಾನಕ್ಕೆ ಗಟ್ಟಿಯಾಗೋದು ತಗೊಳ್ಳಿ, ಐದು ನಿಮಿಷದ್ದಲ್ಲ. ಎರಡು ಟ್ಯೂಬಿಂದಲೂ ಸಮ ಪ್ರಮಾಣ. ಕಿತ್ತ ಜಾಗವನ್ನ ಮರಳು ಕಾಗದದಿಂದ ಒರಟು ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲಿಂದ ಒರೆಸಿ, ಬುಶ್ ಕೂರಿಸಿ, ಒಂದು ದಿನ ಪೂರ್ತಿ ಮುಟ್ಟಬೇಡಿ. ಮಳೆಗಾಲದ ಥಂಡಿಯಲ್ಲಿ ಎರಡು ದಿನ ಬಿಡಿ. ಬುಶ್‌ನ ತೂತಿನೊಳಗೆ ಅಂಟು ಹೋಗದಂತೆ ಸ್ಕ್ರೂವಿಗೆ ಸ್ವಲ್ಪ ವ್ಯಾಸಲೀನ್ ಸವರಿ ಹಾಕಿಟ್ಟರೆ ಒಳ್ಳೇದು. ಆದರೆ ಹಿಂಜ್ ಸಡಿಲ ಮಾಡದೆ ಅಂಟು ಹಾಕಿದ್ರೆ ಅದೂ ಕಿತ್ತು ಬರತ್ತೆ, ಬರೆದಿಟ್ಕೊಳ್ಳಿ.

ಮಂಡಗದ್ದೆ ಹಕ್ಕಿ
ಮುಚ್ಚಳ ಯಾವತ್ತೂ ಮಧ್ಯದಲ್ಲಿ ಹಿಡಿದು ತೆಗೀಬೇಕು. ಮೂಲೆ ಹಿಡಿದು ಎತ್ತಿದ್ರೆ ಒಂದೇ ಹಿಂಜ್ ಮೇಲೆ ಭಾರ.

ಲಿನಕ್ಸ್ ಲಕ್ಕವಳ್ಳಿ
ಬ್ಯಾಟರಿ ವಿಷಯಕ್ಕೆ ಬರೋಣ. ದಿನವಿಡೀ ಚಾರ್ಜರ್ ಹಾಕೇ ಇಡೋದಾ? ಹಾಗಿದ್ರೆ 80%ಗೆ ಮಿತಿ ಹಾಕಿ. ಲಿಥಿಯಂ ಬ್ಯಾಟರಿ ಹಾಳಾಗೋದು ಬರೀ ಬಳಸೋದರಿಂದ ಅಲ್ಲ, ತುಂಬಿದ ಸ್ಥಿತಿಯಲ್ಲಿ ಬಿಸಿಯಾಗಿ ಕೂತಿರೋದರಿಂದ. 25 ಡಿಗ್ರಿಯಲ್ಲಿ 40% ತುಂಬಿಸಿ ಇಟ್ಟರೆ ವರ್ಷಕ್ಕೆ ಹೆಚ್ಚು ಕಡಿಮೆ 4% ಸಾಮರ್ಥ್ಯ ಇಳಿಯತ್ತೆ. ಅದೇ 100% ತುಂಬಿಸಿ ಇಟ್ಟರೆ 20%ರ ಹತ್ರ. ವ್ಯತ್ಯಾಸ ನೋಡಿ.

ಮಿತಿ ಹಾಕೋ ಜಾಗ: ಲೆನೊವೊದಲ್ಲಿ ವಾಂಟೇಜ್ ಆ್ಯಪ್‌ನಲ್ಲಿ, ಆಸುಸ್‌ನಲ್ಲಿ ಮೈಆಸುಸ್‌ನಲ್ಲಿ, ಡೆಲ್ ಮತ್ತು ಎಚ್‌ಪಿ ಆಫೀಸ್ ಮಾದರಿಗಳಲ್ಲಿ ಬಯೋಸ್‌ನಲ್ಲೇ (ಯಂತ್ರ ಶುರುವಾಗೋವಾಗ ಕೀಲಿ ಒತ್ತಿ ಹೋಗೋ ಸೆಟ್ಟಿಂಗ್). ಲಿನಕ್ಸ್‌ನವರಿಗೆ ಟಿಎಲ್‌ಪಿ ಅನ್ನೋ ಪ್ರೋಗ್ರಾಂ ಇದೆ, 75ಕ್ಕೆ ಚಾರ್ಜ್ ಶುರು, 80ಕ್ಕೆ ನಿಲ್ಲಲಿ ಅಂತ ಎರಡು ಸಾಲು ಬರೆದರೆ ಮುಗೀತು. ಎಲ್ಲಾ ಯಂತ್ರದಲ್ಲೂ ಕೆಲಸ ಮಾಡಲ್ಲ, ತಯಾರಕರ ಬೆಂಬಲ ಬೇಕು.

ಕರೆಂಟ್ ಇಲ್ಲ
80ಕ್ಕೆ ನಿಲ್ಲಿಸಿದ್ರೆ ಕರೆಂಟ್ ಹೋದಾಗ ನಾವೇನು ಮಾಡೋದು ಸ್ವಾಮಿ? ನಿಮ್ಮ ಲಕ್ಕವಳ್ಳಿಯಲ್ಲಿ ಡ್ಯಾಮ್ ಪಕ್ಕದಲ್ಲೇ ಇದೆ ಅಂತ ಹೇಳ್ತಿದೀರಿ.

ಲಿನಕ್ಸ್ ಲಕ್ಕವಳ್ಳಿ
ಡ್ಯಾಮ್ ಪಕ್ಕ ಇದ್ದವರಿಗೇ ಕರೆಂಟ್ ಇರಲ್ಲ, ಅದು ಬೇರೆ ಮಾತು 😄 ಜೋರು ಗಾಳಿಮಳೆ ಮುನ್ಸೂಚನೆ ಇದ್ದ ದಿನ ಮಿತಿ ತೆಗೆದು 100 ಮಾಡಿಕೊಳ್ಳಿ. ವರ್ಷದಲ್ಲಿ ಕೆಲವು ದಿನ ತುಂಬಿಸಿದ್ರೆ ಏನೂ ಆಗಲ್ಲ. ಎಲ್ಲಾ ದಿನ ತುಂಬಿ ಕೂತಿರೋದು ತೊಂದರೆ.

ಮಲ್ನಾಡ್ ಗಿಡ್ಡ
ತಿಂಗಳಿಗೊಮ್ಮೆ ಪೂರ್ತಿ ಸೊನ್ನೆಗೆ ಇಳಿಸಿ ಮತ್ತೆ ತುಂಬಿಸಬೇಕು, ಆಗ ಬ್ಯಾಟರಿ ಚುರುಕಾಗತ್ತೆ. ಇದು ಯಾರೂ ಹೇಳಲಿಲ್ವಲ್ಲ.

ಲಿನಕ್ಸ್ ಲಕ್ಕವಳ್ಳಿ
ಹೇಳದೇ ಇದ್ದಿದ್ದು ಅದು ಹಳೇ ನಿಕಲ್ ಬ್ಯಾಟರಿ ಕಾಲದ ಮಾತು ಅಂತ. ಲಿಥಿಯಂನಲ್ಲಿ ಸೊನ್ನೆಗೆ ಇಳಿಸಿದ್ರೆ ಸೆಲ್ಲಿಗೆ ಲಾಭ ಇಲ್ಲ, ಸವೆತ ಮಾತ್ರ. ಶೇಕಡಾವಾರು ತೋರಿಸೋ ಮೀಟರ್ ತಪ್ಪು ಹೇಳ್ತಿದ್ರೆ, ಅಂದ್ರೆ 30% ಇದ್ದಾಗಲೇ ದಿಢೀರ್ ಆಫ್ ಆಗ್ತಿದ್ರೆ, ಅವಾಗ ಒಮ್ಮೆ ಇಳಿಸಿ ಏರಿಸಿದ್ರೆ ಲೆಕ್ಕ ಸರಿಹೋಗತ್ತೆ. ಸರಿಹೋಗೋದು ಲೆಕ್ಕ, ಬ್ಯಾಟರಿ ಅಲ್ಲ.

ಮಲ್ನಾಡ್ ಗಿಡ್ಡ
ಮೊಬೈಲ್ ಅಂಗಡಿಯವನು ಇವತ್ತಿಗೂ ಇದನ್ನೇ ಹೇಳ್ತಾನೆ.

ಲಿನಕ್ಸ್ ಲಕ್ಕವಳ್ಳಿ
ಅವನಿಗೆ ಬ್ಯಾಟರಿ ಮಾರೋದೂ ಇದೆ ಅಲ್ವಾ.

ಗೋಪಿ ಸರ್ಕಲ್
ನಿಮ್ಮ ಬ್ಯಾಟರಿ ಎಷ್ಟು ಉಳಿದಿದೆ ಅಂತ ನೋಡೋದು ಹೇಗೆ ಅಂತ ಯಾರಾದ್ರೂ ಕೇಳೋ ಮೊದಲೇ ಹೇಳಿಬಿಡ್ತೀನಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ (ಒಂದೇ ಪದವಾಗಿ) ಅಂತ ಹೊಡೆದು ಎಂಟರ್. ಒಂದು ಎಚ್‌ಟಿಎಂಎಲ್ ಫೈಲ್ ಆಗತ್ತೆ, ಯಾವ ಫೋಲ್ಡರಲ್ಲಿ ಅಂತ ಅಲ್ಲೇ ತೋರಿಸತ್ತೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ ಎರಡು ಅಂಕಿ. ಎರಡನೇದನ್ನ ಮೊದಲನೇದರಿಂದ ಭಾಗಿಸಿ. ಸೈಕಲ್ ಕೌಂಟೂ ಅಲ್ಲೇ ಇರತ್ತೆ, ಕೆಲವು ಯಂತ್ರ ಅದನ್ನ ಖಾಲಿ ಬಿಡತ್ತೆ.

ಸೋನೆಮಳೆ ಸಾಗರ
ಅದರಿಂದಲೇ 39 ಅಂತ ಗೊತ್ತಾಗಿದ್ದು. ಹಿಂಜ್ ವಿಷಯ ಗಂಭೀರವಾಗಿ ತಗೊಂಡೆ ಮೇಷ್ಟ್ರೇ. ಇನ್ನೊಂದು ಪ್ರಶ್ನೆ: ಮುಚ್ಚಳ ಮುಚ್ಚಿ ಬ್ಯಾಗಲ್ಲಿಟ್ಟು ಸಾಗರದಿಂದ ಶಿವಮೊಗ್ಗಕ್ಕೆ ಹೋಗೋದರೊಳಗೆ ಬ್ಯಾಗು ಬೆಚ್ಚಗೆ, ಬ್ಯಾಟರಿ ಕಾಲು ಭಾಗ ಖಾಲಿ. ಇದೂ ಬ್ಯಾಟರಿ ದೋಷವಾ?

ಗೋಪಿ ಸರ್ಕಲ್
ಅಲ್ಲ. ಅದು ಮಾಡರ್ನ್ ಸ್ಟ್ಯಾಂಡ್‌ಬೈ ಕಾಟ. ಮುಚ್ಚಳ ಮುಚ್ಚಿದ ಮೇಲೂ ಯಂತ್ರ ಅರೆ ಎಚ್ಚರ, ನೆಟ್‌ವರ್ಕ್ ನೋಡ್ತಾ, ಅಪ್‌ಡೇಟ್ ಇಳಿಸ್ತಾ ಕೂತಿರತ್ತೆ. ಬ್ಯಾಗೊಳಗೆ ಗಾಳಿ ಇಲ್ಲ, ಬಿಸಿ. ತುಂಬಿದ ಬ್ಯಾಟರಿಗೆ ಬಿಸಿ ಎಷ್ಟು ಕೆಟ್ಟದ್ದು ಅಂತ ಮೇಲೆ ಹೇಳಿದಾರೆ.

ಪರಿಹಾರ: ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, 'ಮುಚ್ಚಳ ಮುಚ್ಚಿದರೆ ಏನಾಗಬೇಕು' ಅನ್ನೋ ಜಾಗದಲ್ಲಿ ಸ್ಲೀಪ್ ತೆಗೆದು ಹೈಬರ್ನೇಟ್ (ಕೆಲಸ ಡಿಸ್ಕಿಗೆ ಉಳಿಸಿ ಪೂರ್ತಿ ಆಫ್ ಆಗೋದು) ಮಾಡಿ. ಪಟ್ಟಿಯಲ್ಲಿ ಹೈಬರ್ನೇಟ್ ಕಾಣದಿದ್ರೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಅದನ್ನ ಆನ್ ಮಾಡಬೇಕು. ಮತ್ತೆ ಎದ್ದು ಬರೋಕೆ ಹತ್ತಿಪ್ಪತ್ತು ಸೆಕೆಂಡ್ ಹೆಚ್ಚು, ಅಷ್ಟೇ ನಷ್ಟ. ಆಫೀಸಿನವರು ಕೊಟ್ಟ ಯಂತ್ರ ಆದ್ರೆ ಈ ಸೆಟ್ಟಿಂಗ್ ಬೀಗ ಹಾಕಿರ್ತಾರೆ, ಆಗ ಬ್ಯಾಗಿಗೆ ಹಾಕೋ ಮುಂಚೆ ಶಟ್‌ಡೌನ್ ಒಂದೇ ದಾರಿ.

ಹುಲಿಕಲ್ ಘಾಟಿ
ಎಲ್ಲಾ ಬ್ಯಾಟರಿ ಬ್ಯಾಟರಿ ಅಂತಿದೀರಿ. ಇಲ್ಲಿ ನಿಜವಾದ ಶತ್ರು ಥಂಡಿ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಜಾಗ. ಜುಲೈಯಲ್ಲಿ ಮನೆಯೊಳಗೇ ಗಾಳಿಯ ತೇವಾಂಶ 90% ದಾಟತ್ತೆ. ಚರ್ಮದ ಚಪ್ಪಲಿಗೆ ಬೂಷ್ಟು ಬರೋ ಜಾಗದಲ್ಲಿ ಮದರ್‌ಬೋರ್ಡಿಗೆ ಏನೂ ಆಗಲ್ಲ ಅಂತ ಹೇಗೆ ಹೇಳ್ತೀರಿ?

ಮಾಡಬೇಕಾದ್ದು ಹೀಗಿದೆ.

ಬಳಸದೇ ವಾರಗಟ್ಟಲೆ ಇಡಬೇಡಿ. ದಿನಾ ಒಂದೆರಡು ಗಂಟೆ ಓಡೋ ಯಂತ್ರ ತನ್ನ ಬಿಸಿಯಿಂದ ತಾನೇ ಒಣಗಿಕೊಳ್ಳತ್ತೆ. ಮಳೆಗಾಲದಲ್ಲಿ ಹಾಳಾಗೋದು ಹೆಚ್ಚಾಗಿ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದು.

ಇಡಲೇಬೇಕು ಅಂದ್ರೆ ರಬ್ಬರ್ ಅಂಚಿರೋ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ಅರ್ಧ ಕೆ.ಜಿ. ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ, ಒಂದು ಚಿಕ್ಕ ತೇವಾಂಶ ಮೀಟರ್. 45ರಿಂದ 55% ನಡುವೆ ಇದ್ರೆ ಸಾಕು. ಬ್ಯಾಟರಿ ಅರ್ಧ ತುಂಬಿಸಿ ಇಡಿ. ಚಪ್ಪಲಿ ಡಬ್ಬಿಯಲ್ಲಿ ಬರೋ ಎರಡು ಗ್ರಾಂ ಪೊಟ್ಟಣ ಹಾಕಿ ನೆಮ್ಮದಿಯಾಗಿರಬೇಡಿ, ಅದು ಅರ್ಧ ದಿನಕ್ಕೇ ತುಂಬಿ ಹೋಗಿರತ್ತೆ.

ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ಹಸಿರಾದ್ರೆ ತುಂಬಿದೆ ಅಂತ ಅರ್ಥ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರತ್ತೆ, ವಿಷ, ಮಕ್ಕಳಿರೋ ಮನೆಗೆ ಬೇಡ. ತುಂಬಿದ್ದನ್ನ 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಓವನ್‌ನಲ್ಲಿ ಒಣಗಿಸಿದ್ರೆ ಮತ್ತೆ ಹೊಸದೇ.

ಅಪ್ಪೆಮಿಡಿ
ಓವನ್ ಇಲ್ಲದವರು? ಬಚ್ಚಲ ಒಲೆ ಮೇಲೆ ಬಾಣಲೆ ಇಟ್ಟು ಹುರಿದ್ರೆ ಆಗಲ್ವಾ?

ಹುಲಿಕಲ್ ಘಾಟಿ
ಆಗತ್ತೆ, ಸಣ್ಣ ಕೆಂಡದ ಮೇಲೆ, ಕೈಯಾಡಿಸ್ತಾ. ಜೋರು ಉರಿಯಲ್ಲಿ ಕಾಳು ಸಿಡಿದು ಬಣ್ಣವೂ ಸುಟ್ಟು ಹೋಗತ್ತೆ. ಆ ಬಾಣಲೆ ಅಡುಗೆಗೆ ವಾಪಸ್ ತರಬೇಡಿ.

ಕೊಪ್ಪೆಕಂಬಳಿ
ಅಡಿಕೆ ಅಟ್ಟದ ಮೇಲೆ ಇಟ್ಟರಾಯ್ತು, ಕೆಳಗೆ ಹೊಗೆ, ಮೇಲೆ ಲ್ಯಾಪ್‌ಟಾಪ್. ಚಾಲಿ ಅಡಿಕೆ ಜೊತೆಗೇ ಒಣಗತ್ತೆ.

ಸ್ಕ್ರೂಡ್ರೈವರ್ ಮೇಷ್ಟ್ರು
ತಮಾಷೆಗೆ ಹೇಳಿದ್ದನ್ನ ನಿಜವಾಗಿ ಮಾಡೋರಿದಾರೆ, ಅದಕ್ಕೆ ಹೇಳ್ತೀನಿ: ಒಲೆಯ ಮಸಿ ಫ್ಯಾನ್ ಮೂಲಕ ಒಳಗೆ ಹೋದ್ರೆ ಎಣ್ಣೆ ಜಿಡ್ಡಿನ ಜೊತೆ ಸೇರಿ ಹೀಟ್‌ಸಿಂಕ್ ರೆಕ್ಕೆಗಳಿಗೆ ಅಂಟಿಕೊಳ್ಳತ್ತೆ, ಬ್ಲೋವರ್‌ಗೂ ಬರಲ್ಲ. ಮಸಿಗೆ ತೇವ ಸೇರಿದ್ರೆ ಕರೆಂಟೂ ಹರಿಯತ್ತೆ. ಅಡಿಕೆ ಸುಲಿಯೋ ಸೀಸನ್‌ನಲ್ಲಿ ಸಿಪ್ಪೆಯ ಧೂಳೂ ಅಷ್ಟೇ. ಲ್ಯಾಪ್‌ಟಾಪ್ ಅಂಗಳದಿಂದ ದೂರ ಇರಲಿ.

ಧೂಳು ತೆಗೆಯೋದು ವರ್ಷಕ್ಕೊಮ್ಮೆ ಸಾಕು, ಮಳೆಗಾಲ ಮುಗಿದು ಒಣ ಹವೆ ಬಂದ ಮೇಲೆ, ನವೆಂಬರ್ ಸುಮಾರಿಗೆ. ಗಾಳಿ ಹೊಡೆಯೋವಾಗ ಫ್ಯಾನ್ ರೆಕ್ಕೆಗೆ ಕಡ್ಡಿ ಅಡ್ಡ ಕೊಡಿ. ಇಲ್ಲಾಂದ್ರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹೋಗತ್ತೆ.

ತುಂಗಾ ದಂಡೆ
ಏಸಿ ಬಸ್ಸಿಂದ ಇಳಿದ ಕೂಡಲೇ ಲ್ಯಾಪ್‌ಟಾಪ್ ತೆಗೆದು ಆನ್ ಮಾಡಬೇಡಿ ಅನ್ನೋದನ್ನೂ ಸೇರಿಸಿ. ತಣ್ಣಗಿರೋ ಲೋಹಕ್ಕೆ ನಮ್ಮ ಹಸಿ ಗಾಳಿ ತಾಗಿದ್ರೆ ಒಳಗೂ ಹೊರಗೂ ಹನಿ ಕಟ್ಟತ್ತೆ. ಬ್ಯಾಗಿನ ಜಿಪ್ ತೆಗೆಯದೇ ಮುಕ್ಕಾಲು ಗಂಟೆ ಬಿಡಿ, ಕೋಣೆಯ ಶಾಖಕ್ಕೆ ಬರಲಿ.

ಚಗಳಿ
ಕೀಬೋರ್ಡಲ್ಲಿ ಇರುವೆ ಸಂಸಾರ ಹೂಡಿದ್ರೆ ಏನು ಮಾಡೋದು? ಗಂಭೀರ ಪ್ರಶ್ನೆ.

ಮಲ್ನಾಡ್ ಗಿಡ್ಡ
ನಿಮ್ಮ ಹೆಸರಿಟ್ಕೊಂಡು ನೀವೇ ಈ ಪ್ರಶ್ನೆ ಕೇಳೋದಾ? ಚಟ್ನಿ ಅರೀರಿ.

ಚಗಳಿ
ಚಟ್ನಿಗೆ ಕೆಂಪು ಚಗಳಿಯೇ ಬೇಕು, ಇದು ಸಣ್ಣ ಕರಿ ಇರುವೆ.

ಅಪ್ಪೆಮಿಡಿ
ಚಗಳಿ ಚಟ್ನಿಗೆ ಗಾಂಧಾರಿ ಮೆಣಸೋ ಬ್ಯಾಡಗಿಯೋ?

ನಿರ್ವಾಹಕ
ಚಟ್ನಿ ಅಡುಗೆಮನೆ ವಿಭಾಗದಲ್ಲಿ. ಇಲ್ಲಿ ಲ್ಯಾಪ್‌ಟಾಪ್ ಮಾತ್ರ.

ಸ್ಕ್ರೂಡ್ರೈವರ್ ಮೇಷ್ಟ್ರು
@ಚಗಳಿ ಹಿಟ್, ಸೀಮೆಸುಣ್ಣದ ಲಕ್ಷ್ಮಣರೇಖೆ ಏನನ್ನೂ ಕೀಬೋರ್ಡ್ ಮೇಲೆ ಪ್ರಯೋಗಿಸಬೇಡಿ. ಸ್ಪ್ರೇಯಲ್ಲಿರೋ ದ್ರಾವಕ ಕೀಲಿಗಳ ಬಣ್ಣ ಕರಗಿಸತ್ತೆ. ಇರುವೆ ಬರೋದು ಬೆಚ್ಚಗಿನ ಒಣ ಜಾಗ ಅಂತ ಮತ್ತು ತಿಂಡಿ ಚೂರಿಗೆ. ಆಫ್ ಮಾಡಿ, ತೆರೆದು, ತಲೆಕೆಳಗಾಗಿ ಹಿಡಿದು ಮೆಲ್ಲಗೆ ತಟ್ಟಿ. ಆಮೇಲೆ ಅದೇ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಸಿಲಿಕಾ ಜೆಲ್ ಜೊತೆ ಇಡಿ, ಅಷ್ಟು ಒಣ ಗಾಳಿ ತಡೀಲಾರದೆ ಹೊರಗೆ ಬರಬಹುದು. ಮೇಜಿನ ಕಾಲುಗಳ ಸುತ್ತ ಮಾತ್ರ ಔಷಧಿ. ಮೊಟ್ಟೆ ಇಟ್ಟಿದ್ರೆ ಕವಚ ಬಿಚ್ಚಿ ಬ್ರಷ್ ಹಾಕಲೇಬೇಕು.

ಕರೆಂಟ್ ಇಲ್ಲ
ಇನ್ವರ್ಟರ್ ವಿಷಯ ಯಾರೂ ಎತ್ತಲಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಲ್ಯಾಪ್‌ಟಾಪ್ ಸುಟ್ಟುಹಾಕತ್ತೆ ಅಂತಾರೆ, ಹೌದಾ?

ಹೊಸನಗರ ವಯರ್‌ಮ್ಯಾನ್
ಸುಡಲ್ಲ. ಲ್ಯಾಪ್‌ಟಾಪ್ ಚಾರ್ಜರ್ 100ರಿಂದ 240 ವೋಲ್ಟ್ ತನಕ ತಗೊಳ್ಳತ್ತೆ, ಒಳಗೆ ಹೋದ ಕೂಡಲೇ ಡೀಸಿ ಮಾಡಿಕೊಳ್ಳತ್ತೆ. ಸ್ಕ್ವೇರ್ ವೇವ್‌ನಲ್ಲಿ ಸ್ವಲ್ಪ ಗುಂಯ್ ಅನ್ನತ್ತೆ, ಹೆಚ್ಚು ಬಿಸಿಯಾಗತ್ತೆ, ಚಾರ್ಜರ್ ಆಯಸ್ಸು ಕಡಿಮೆ. ಹೊಸದಾಗಿ ತಗೊಳ್ಳೋರು ಸೈನ್ ವೇವ್ ತಗೊಳ್ಳಿ, ಹಳೇದು ಇರೋರು ತಲೆ ಕೆಡಿಸ್ಕೊಬೇಡಿ. ಸಾಯಂಕಾಲ ವೋಲ್ಟೇಜ್ 160ಕ್ಕೆ ಇಳಿದ್ರೂ ಲ್ಯಾಪ್‌ಟಾಪಿಗೆ ಸ್ಟೆಬಿಲೈಸರ್ ಬೇಡ, ಅದು ಫ್ರಿಜ್ಜಿಗೆ ಬೇಕಾದ್ದು.

ನಿಜವಾಗಿ ಸುಡೋದು ಎರಡು. ಒಂದು, ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ಬರೋ ನ್ಯೂಟ್ರಲ್ ತಂತಿ ಕಟ್ ಆಗೋದು. ಗಾಳಿಗೆ ಮರ ಬಿದ್ದು ನ್ಯೂಟ್ರಲ್ ತುಂಡಾದ್ರೆ ಮನೆಯೊಳಗೆ 230 ಬದಲು 400ರ ಹತ್ರ ಬರಬಹುದು. ಬಲ್ಬು ಇದ್ದಕ್ಕಿದ್ದಂಗೆ ಪ್ರಖರವಾಗಿ ಉರಿದ್ರೆ ಮೇನ್ ಇಳಿಸಿ, ಆಮೇಲೆ ಯೋಚನೆ ಮಾಡಿ. ಇದಕ್ಕೆ ಓವರ್ ವೋಲ್ಟೇಜ್ ಕಟ್‌ಆಫ್ ಇರೋ ರಿಲೇ ಮೀಟರ್ ಪಕ್ಕ ಹಾಕಿಸಬಹುದು.

ಎರಡು, ಸಿಡಿಲು. ಏಪ್ರಿಲ್, ಮೇ ತಿಂಗಳ ಅಡ್ಡ ಮಳೆಯಲ್ಲಿ ಇದು ಜಾಸ್ತಿ. ಸರ್ಜ್ ಪ್ರೊಟೆಕ್ಟರ್ ಪಟ್ಟಿಯೊಳಗಿರೋ ಎಂಒವಿ ಅನ್ನೋ ಬಿಡಿಭಾಗ ಹೆಚ್ಚಿನ ಕರೆಂಟನ್ನ ಅರ್ಥಿಗೆ ತಳ್ಳತ್ತೆ. ಅರ್ಥೇ ಸರಿ ಇಲ್ಲ ಅಂದ್ರೆ ಎಲ್ಲಿಗೆ ತಳ್ಳೋದು? ಒಣಗಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ಗುಡುಗು ಕೇಳಿಸಿದ್ರೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಸಾಕಾಗಲ್ಲ, ಮಿಲಿಮೀಟರ್ ಅಂತರ ಸಿಡಿಲಿಗೆ ಲೆಕ್ಕಕ್ಕಿಲ್ಲ. ರೂಟರಿಂದ ಬರೋ ಲ್ಯಾನ್ ವಯರೂ ತೆಗೀಬೇಕು.

ಗೋಪಿ ಸರ್ಕಲ್
ಫೈಬರ್ ಇದ್ರೆ ಲ್ಯಾನ್ ತೆಗೆಯೋ ಅಗತ್ಯ ಇಲ್ಲ ಅಲ್ವಾ, ಗಾಜಿನಲ್ಲಿ ಕರೆಂಟ್ ಹರಿಯಲ್ಲ.

ಹೊಸನಗರ ವಯರ್‌ಮ್ಯಾನ್
ಗಾಜಿನಲ್ಲಿ ಹರಿಯಲ್ಲ, ಆದರೆ ಮನೆಗೆ ಎಳೆದ ಫೈಬರ್ ಕೇಬಲ್ ಪಕ್ಕದಲ್ಲೇ ಭಾರ ಹೊರೋಕೆ ಉಕ್ಕಿನ ತಂತಿ ಇರತ್ತೆ ನೋಡಿ. ಅದೂ ಅಲ್ಲದೆ ಮೋಡೆಮ್‌ನ ಅಡಾಪ್ಟರ್ ಇರೋದು ಕರೆಂಟ್ ಲೈನಿಗೆ. ಅಲ್ಲಿ ಬಂದಿದ್ದು ಲ್ಯಾನ್ ವಯರ್ ಮೂಲಕ ಲ್ಯಾಪ್‌ಟಾಪಿಗೆ. ವೈಫೈ ಆದ್ರೆ ನೀವು ಹೇಳಿದ್ದು ಸರಿ.

ಗೋಪಿ ಸರ್ಕಲ್
ಉಕ್ಕಿನ ತಂತಿ ಲೆಕ್ಕಕ್ಕೆ ಬಂದಿರಲಿಲ್ಲ. ಒಪ್ಪಿದೆ.

ತುಂಗಾ ದಂಡೆ
ವಯರ್‌ಮ್ಯಾನ್ ಅಣ್ಣ, ಚಾರ್ಜ್ ಆಗೋವಾಗ ಅಲ್ಯೂಮಿನಿಯಂ ಬಾಡಿ ಮುಟ್ಟಿದ್ರೆ ಜುಂ ಅನ್ನತ್ತೆ, ಇದು ಅಪಾಯವಾ?

ಹೊಸನಗರ ವಯರ್‌ಮ್ಯಾನ್
ಎರಡು ಪಿನ್ ಚಾರ್ಜರ್ ಇರಬೇಕು. ಒಳಗಿರೋ ವೈ ಕೆಪಾಸಿಟರ್‌ನಿಂದ ಬರೋ ಅತಿ ಸಣ್ಣ ಸೋರಿಕೆ ಅದು, ಚಾರ್ಜರ್ ಒಳ್ಳೇ ಕಂಪನಿಯದ್ದಾದ್ರೆ ಅಪಾಯ ಅಲ್ಲ, ಕಿರಿಕಿರಿ ಅಷ್ಟೇ. ಮೂರು ಪಿನ್ನಿನ ವಯರ್ ಹಾಕಿ, ಸಾಕೆಟ್ಟಿನಲ್ಲಿ ಅರ್ಥ್ ಸರಿ ಇದ್ರೆ ಜುಂ ನಿಲ್ಲತ್ತೆ. ಮೂರು ಪಿನ್ ಹಾಕಿದ ಮೇಲೂ ಬಂದ್ರೆ ಮನೆಯ ಅರ್ಥ್ ಇಲ್ಲ ಅಂತ ತಿಳ್ಕೊಳ್ಳಿ, ಲ್ಯಾಪ್‌ಟಾಪ್‌ಗಿಂತ ಮೊದಲು ಗೀಸರ್ ಬಗ್ಗೆ ಚಿಂತೆ ಮಾಡಿ. ಬೀದಿಬದಿಯ ಡೂಪ್ಲಿಕೇಟ್ ಚಾರ್ಜರ್ ಆದ್ರೆ ಈ ಮಾತು ಅನ್ವಯ ಆಗಲ್ಲ, ಅದನ್ನ ಬಿಸಾಕಿ.

ಇನ್ವರ್ಟರ್ ಲೆಕ್ಕ ಕೇಳೋರಿಗೆ: 150 ಎಎಚ್, 12 ವೋಲ್ಟ್ ಬ್ಯಾಟರಿ ಅಂದ್ರೆ 1800 ವ್ಯಾಟ್-ಅವರ್. ಅರ್ಧ ಮಾತ್ರ ಬಳಸಿ, ನಷ್ಟ ಕಳೆದರೆ 700 ಚಿಲ್ಲರೆ. ಲ್ಯಾಪ್‌ಟಾಪ್ 20, ರೂಟರ್ 10, ಎಲ್‌ಇಡಿ ಬಲ್ಬ್ 10, ಒಟ್ಟು 40 ವ್ಯಾಟ್. ಹದಿನೈದು ಗಂಟೆ ಮೇಲೆ ಬರತ್ತೆ. ಮಿಕ್ಸಿ ಹಾಕದೇ ಇದ್ರೆ.

ಮಂಡಗದ್ದೆ ಹಕ್ಕಿ
ಇನ್ವರ್ಟರ್ ಇಲ್ಲದವರಿಗೆ ಪಿಡಿ (ಯುಎಸ್‌ಬಿ-ಸಿಯಿಂದ ಹೆಚ್ಚು ವ್ಯಾಟ್ ಕೊಡೋ ವ್ಯವಸ್ಥೆ) ಇರೋ ಪವರ್‌ಬ್ಯಾಂಕ್. 20,000 ಎಂಎಎಚ್ ಅಂದ್ರೆ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್, ನಷ್ಟ ಕಳೆದು 60 ಸಿಕ್ಕರೆ ಪುಣ್ಯ. ಹಗುರ ಲ್ಯಾಪ್‌ಟಾಪನ್ನ ಒಮ್ಮೆ ತುಂಬಿಸತ್ತೆ. ಔಟ್‌ಪುಟ್ 45 ವ್ಯಾಟ್ ಆದ್ರೂ ಇರಲಿ, ಮೊಬೈಲಿಗೆ ಮಾಡಿದ 18 ವ್ಯಾಟ್‌ದಕ್ಕೆ ಲ್ಯಾಪ್‌ಟಾಪ್ ಕ್ಯಾರೇ ಅನ್ನಲ್ಲ. ಕೇಬಲ್ಲೂ ನೋಡಿ, 60 ವ್ಯಾಟ್ ದಾಟಿದ್ರೆ ಒಳಗೆ ಇ-ಮಾರ್ಕರ್ ಚಿಪ್ ಇರೋ 5 ಆಂಪ್ ಕೇಬಲ್ಲೇ ಬೇಕು.

ಸ್ಕ್ರೂಡ್ರೈವರ್ ಮೇಷ್ಟ್ರು
ಕೇಬಲ್ ಮಾತು ಬಂದಿದ್ದಕ್ಕೆ: ಯುಎಸ್‌ಬಿ-ಸಿ ಪೋರ್ಟ್ ತುಂಬಾ ಮಾದರಿಗಳಲ್ಲಿ ಮದರ್‌ಬೋರ್ಡಿಗೇ ಬೆಸುಗೆ. ಚಾರ್ಜರ್ ಹಾಕಿಕೊಂಡು ಹಾಸಿಗೆ ಮೇಲೆ, ತೊಡೆ ಮೇಲೆ ಕೂತು ಅತ್ತಿತ್ತ ಅಲ್ಲಾಡಿಸಿದ್ರೆ ಅದು ಸಡಿಲ ಆಗತ್ತೆ. ಎರಡು ಪೋರ್ಟ್ ಇದ್ರೆ ಒಂದನ್ನ ಚಾರ್ಜಿಗೆ ಮೀಸಲಿಟ್ಟು ಇನ್ನೊಂದನ್ನ ಉಳಿಸಿಕೊಳ್ಳಿ. ಚಾರ್ಜರ್ ಪೂರ್ತಿ ಕೂರ್ತಿಲ್ಲ ಅಂದ್ರೆ ಮುರಿದಿದೆ ಅಂತಲೇ ಅಲ್ಲ, ಬ್ಯಾಗಿನ ನೂಲು, ಧೂಳು ತುಂಬಿರತ್ತೆ. ಯಂತ್ರ ಆಫ್ ಮಾಡಿ ಮರದ ಕಡ್ಡಿಯಿಂದ ಕೆರೆದು ತೆಗೀರಿ. ಸೂಜಿ, ಪಿನ್ನು ಬೇಡವೇ ಬೇಡ.

ಕೊಪ್ಪೆಕಂಬಳಿ
ಇಷ್ಟೆಲ್ಲ ಉಪಚಾರ ಮಾಡೋ ಬದಲು ಒಂದು ಹಳೇ ಥಿಂಕ್‌ಪ್ಯಾಡ್ ಟಿ480 ತಗೊಂಡ್ರೆ? ಎರಡು ರ‍್ಯಾಮ್ ಸ್ಲಾಟ್, ಹೊರಗಿಂದಲೇ ತೆಗೆದು ಹಾಕೋ ಬ್ಯಾಟರಿ ಒಂದು, ಒಳಗೆ ಇನ್ನೊಂದು, ಹಿಂಜ್ ಗಟ್ಟಿ. 8ನೇ ತಲೆಮಾರಿನ ಇಂಟೆಲ್ ಇರೋದಾದ್ರೆ ವಿಂಡೋಸ್ 11ಕ್ಕೂ ಅರ್ಹ. 500 ಗ್ರಾಂ ಹೆಚ್ಚಾದ್ರೆ ಯಾರ ಬೆನ್ನೂ ಮುರಿಯಲ್ಲ.

ಮಂಡಗದ್ದೆ ಹಕ್ಕಿ
2018ರ ಯಂತ್ರ. ಅದಕ್ಕೂ ಬ್ಯಾಟರಿ ಹಾಕಿಸಬೇಕು, ಸ್ಕ್ರೀನ್ ಹೆಚ್ಚಿನವು ಮಂಕು, ಫ್ಯಾನ್ ಗದ್ದಲ. ಕೈಲಿರೋ ಒಳ್ಳೇ ಯಂತ್ರ ಕೊಟ್ಟು ಎರಡನೇ ಕೈದು ತಗೊಳ್ಳೋದು ಯಾವ ಲೆಕ್ಕ?

ಕೊಪ್ಪೆಕಂಬಳಿ
ಸ್ಕ್ರೂಡ್ರೈವರ್ ಒಂದಿದ್ರೆ ಹತ್ತು ವರ್ಷ ಎಳೀಬಹುದು ಅನ್ನೋ ಲೆಕ್ಕ. ರ‍್ಯಾಮ್ ಹೋದ್ರೆ ನಿಮ್ಮ ಹಗುರದ್ದು ಪೂರ್ತಿ ಬೋರ್ಡ್ ಕೇಳತ್ತೆ, ಇದು ಒಂದು ಕಡ್ಡಿ ಕೇಳತ್ತೆ.

ಸ್ಕ್ರೂಡ್ರೈವರ್ ಮೇಷ್ಟ್ರು
ಅದು ನಿಜ, ಅಲ್ಲಗಳೆಯಲ್ಲ. ಆದರೆ ರ‍್ಯಾಮ್ ತಾನಾಗೇ ಹೋಗೋದು ಅಪರೂಪ. ಸಾಗರದವರು ವಾರಕ್ಕೊಮ್ಮೆ ಬಸ್ಸಲ್ಲಿ ಓಡಾಡೋರಾದ್ರೆ ಹಗುರದ್ದೇ ಇರಲಿ. ಮನೆ ಬಿಟ್ಟು ಕದಲದವರಾದ್ರೆ ನಿಮ್ಮ ವಾದಕ್ಕೆ ನನ್ನ ವೋಟು.

ತುಂಗಾ ದಂಡೆ
ಬಸ್ಸಿನ ವಿಷಯಕ್ಕೆ: ತೆಳು ಮುಚ್ಚಳ ಒತ್ತಡ ತಡೆಯಲ್ಲ. ಬ್ಯಾಗಲ್ಲಿ ಬುತ್ತಿ ಡಬ್ಬಿ, ನೀರಿನ ಬಾಟ್ಲಿ ಅದರ ಮೇಲೆ ಒರಗಿದ್ರೆ ಸ್ಕ್ರೀನಲ್ಲಿ ಬಿಳಿ ಚುಕ್ಕೆ ಬೀಳತ್ತೆ. ಕ್ಯಾಮೆರಾ ಮುಚ್ಚೋ ಪ್ಲಾಸ್ಟಿಕ್ ತುಂಡು ಅಂಟಿಸಿ ಮುಚ್ಚಳ ಅದುಮಿದ್ರೆ ಗಾಜೇ ಬಿರುಕು. 0.1 ಮಿ.ಮೀ.ಗಿಂತ ದಪ್ಪದ್ದು ಬೇಡ ಅಂತ ಆಪಲ್‌ನವರೇ ಹೇಳಿದಾರೆ. ಬೈಕಲ್ಲಿ ಹೋಗೋರು ಬ್ಯಾಗಿಗೆ ಮಳೆ ಕವರ್ ಹಾಕಿ ನಿಶ್ಚಿಂತೆಯಾಗಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯತ್ತೆ. ಬಾಯಿ ಸುತ್ತಿ ಮುಚ್ಚೋ ಡ್ರೈ ಬ್ಯಾಗ್ ಒಳಗೆ ಹಾಕಿ, ಅದನ್ನ ಬ್ಯಾಗೊಳಗೆ.

ಮಲ್ನಾಡ್ ಗಿಡ್ಡ
ಗೊರಬು ಹಾಕ್ಕೊಂಡು ಬೈಕ್ ಓಡಿಸಿ, ಬ್ಯಾಗೂ ಒಳಗೇ ಬರತ್ತೆ.

ಹುಲಿಕಲ್ ಘಾಟಿ
ಬ್ಯಾಗ್ ಅಂದಾಗ ನೆನಪಾಯ್ತು. ರೆಕ್ಸಿನ್ ಥರದ ಪಿಯು ಚರ್ಮದ ಕೇಸು ಮಲ್ನಾಡಿಗೆ ತರಬೇಡಿ, ತೇವಕ್ಕೆ ಎರಡು ಮಳೆಗಾಲದಲ್ಲಿ ಚಕ್ಕೆ ಚಕ್ಕೆ ಏಳತ್ತೆ. ಲ್ಯಾಪ್‌ಟಾಪ್ ಮೇಲಿನ ರಬ್ಬರ್ ಲೇಪನ ಅಂಟಂಟಾಗೋದೂ ಅದೇ ರಾಸಾಯನಿಕ ಕ್ರಿಯೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಉಜ್ಜಿದ್ರೆ ಲೇಪನ ಪೂರ್ತಿ ಬಂದುಬಿಡತ್ತೆ, ಕೆಳಗೆ ನುಣುಪು ಮೈ ಸಿಗತ್ತೆ.

ಸೋನೆಮಳೆ ಸಾಗರ
ಸರಿ, ಇಟ್ಕೊಳ್ಳೋದು ಅಂತ ತೀರ್ಮಾನ. ಹಿಂಜ್ ಈಗ, ಬ್ಯಾಟರಿ ಮಳೆಗಾಲ ಮುಗಿದ ಮೇಲೆ. ಬ್ಯಾಟರಿ ಎಲ್ಲಿ ತಗೊಳ್ಳೋದು, ಡೂಪ್ಲಿಕೇಟ್ ಗುರುತಿಸೋದು ಹೇಗೆ?

ಸ್ಕ್ರೂಡ್ರೈವರ್ ಮೇಷ್ಟ್ರು
ಮೊದಲ ಆಯ್ಕೆ ಕಂಪನಿಯ ಸರ್ವಿಸ್ ಸೆಂಟರ್. ಇಲ್ಲದಿದ್ರೆ ಈಗಿರೋ ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದಿಟ್ಕೊಳ್ಳಿ. ಲ್ಯಾಪ್‌ಟಾಪ್ ಮಾದರಿ ಹೆಸರು ಹೇಳಿ ತಗೋಬೇಡಿ, ಒಂದೇ ಹೆಸರಿನಲ್ಲಿ ಎರಡು ಮೂರು ಥರ ಕನೆಕ್ಟರ್ ಇರತ್ತೆ. ತಯಾರಾದ ತಿಂಗಳು ನೋಡಿ. ಡಬ್ಬಿಯಲ್ಲೇ ಮೂರು ವರ್ಷ ಕೂತ 'ಹೊಸ' ಬ್ಯಾಟರಿ ಹೊಸದಲ್ಲ. ಹಾಕಿದ ದಿನವೇ ಬ್ಯಾಟರಿ ರಿಪೋರ್ಟ್ ತೆಗೀರಿ. ತೂಕವೂ ಹಾಕಿ ನೋಡಿ, ಅಸಲಿಗಿಂತ ಬಹಳ ಹಗುರ ಇದ್ರೆ ಒಳಗೆ ಸೆಲ್ಲು ಕಡಿಮೆ ಅಂತ.

ಥಿಂಕ್‌ಪ್ಯಾಡ್ ಆದ್ರೆ ಬಿಚ್ಚೋ ಮೊದಲು ಎಫ್1 ಒತ್ತಿ ಬಯೋಸ್‌ಗೆ ಹೋಗಿ, ಕಾನ್ಫಿಗ್, ಪವರ್, ಅಲ್ಲಿ ಬಿಲ್ಟ್-ಇನ್ ಬ್ಯಾಟರಿ ಡಿಸೇಬಲ್ ಮಾಡಿ. ಬೇರೆ ಕಂಪನಿಯದಾದ್ರೆ ಬಿಚ್ಚಿದ ಕೂಡಲೇ ಕನೆಕ್ಟರ್ ತೆಗೆಯೋದು ಮೊದಲ ಕೆಲಸ. ಅಂಟಿನಿಂದ ಕೂರಿಸಿದ ಬ್ಯಾಟರಿಯನ್ನ ಲೋಹದ ಚಾಕುವಿಂದ ಎಬ್ಬಿಸಬೇಡಿ, ತೂತಾದ್ರೆ ಬೆಂಕಿ. ಹಳೇ ಪ್ಲಾಸ್ಟಿಕ್ ಕಾರ್ಡ್ ಸಾಕು.

ಟ್ರ್ಯಾಕ್‌ಪ್ಯಾಡ್ ಕ್ಲಿಕ್ ಗಟ್ಟಿಯಾಗಿದ್ರೆ, ಮೇಜಿನ ಮೇಲಿಟ್ಟಾಗ ನಾಲ್ಕೂ ಮೂಲೆ ಕೂರದೇ ಓಲಾಡಿದ್ರೆ ಬ್ಯಾಟರಿ ಊದಿದೆ. ಆಗ ಮಳೆಗಾಲ ಕಾಯೋದೆಲ್ಲ ಇಲ್ಲ, ಚಾರ್ಜ್ ನಿಲ್ಲಿಸಿ ಅವತ್ತೇ ತೆಗೆಸಿ.

ಗೋಪಿ ಸರ್ಕಲ್
ಬಿಚ್ಚಿಸೋ ಮುಂಚೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ರಿಕವರಿ ಕೀ ಬರೆದಿಟ್ಕೊಳ್ಳಿ, 48 ಅಂಕಿ. ಬಯೋಸ್ ಅಪ್‌ಡೇಟ್ ಆದ್ರೆ, ಬೋರ್ಡ್ ಬದಲಾದ್ರೆ ಅದನ್ನ ಕೇಳತ್ತೆ. ಇಲ್ಲಾಂದ್ರೆ ಡೇಟಾಗೆ ತರ್ಪಣ. ಅದೇ ಲ್ಯಾಪ್‌ಟಾಪಿನ ಒಳಗೆ ಸೇವ್ ಮಾಡಿ ಇಡೋ ಜನ ಇದಾರೆ, ಅದರಿಂದ ಉಪಯೋಗ ಇಲ್ಲ. ಕಾಗದದ ಮೇಲೆ.

ಅಪ್ಪೆಮಿಡಿ
ತೆಗೆದ ಹಳೇ ಬ್ಯಾಟರಿ ಸ್ಪೇರ್ ಅಂತ ಇಟ್ಕೋಬಹುದಲ್ಲ, 39 ಇನ್ನೂ ಇದೆ.

ಸ್ಕ್ರೂಡ್ರೈವರ್ ಮೇಷ್ಟ್ರು
ಬೇಡ. ಕವಚ ಇಲ್ಲದ ಪೌಚ್ ಸೆಲ್ಲು, ಡ್ರಾಯರಲ್ಲಿ ಒಂದು ಕೀಗೊಂಚಲು ಒತ್ತಿದ್ರೆ ಸಾಕು. ಕನೆಕ್ಟರಿಗೆ ಟೇಪ್ ಸುತ್ತಿ, ಹಾಕಿಸಿಕೊಂಡ ಕಡೆಯೇ ವಾಪಸ್ ಕೊಟ್ಟುಬನ್ನಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನ ವಾಪಸ್ ಸಂಗ್ರಹಿಸೋ ಹೊಣೆ ತಯಾರಕರದ್ದು. ಕಸದ ಗಾಡಿಗೆ ಹಾಕಿದ್ರೆ ಲಾರಿಯೊಳಗೆ ಅದುಮಿದಾಗ ಹೊತ್ತಿಕೊಳ್ಳತ್ತೆ.

ಚಗಳಿ
ಡಬ್ಬಿ ಪ್ರಯೋಗಕ್ಕೆ ಎಷ್ಟು ಲೀಟರಿನ ಡಬ್ಬಿ ಬೇಕು? 14 ಇಂಚಿನದು.

ಹುಲಿಕಲ್ ಘಾಟಿ
ಲೀಟರ್ ನೋಡಬೇಡಿ, ಒಳಗಿನ ಉದ್ದ ನೋಡಿ. 14 ಇಂಚು ಅನ್ನೋದು ಸ್ಕ್ರೀನಿನ ಕರ್ಣ, ಯಂತ್ರದ ಅಗಲ 32 ಸೆಂ.ಮೀ. ಹತ್ರ. ತಳ 36 ಸೆಂ.ಮೀ. ಇರೋದು ತಗೊಳ್ಳಿ, ಜೆಲ್ ಚೀಲ ಪಕ್ಕದಲ್ಲಿ ಕೂರತ್ತೆ.